ನರ್ಸ್ ಆದವರು ಮಿಲಿಟರಿ ಡಾಕ್ಟರ್ ಆಗಬಹುದಾ? ದಾರಿ ಉಂಟು, ಆದರೆ ವಯಸ್ಸಿನ ಲೆಕ್ಕ ಮೊದಲು ನೋಡಿ

ಹಿಂದೆಲ್ಲ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಬ್ಯಾರಿ ಮನೆಯ ಹುಡುಗಿ ನರ್ಸಿಂಗ್‌ಗೆ ಸೇರಿದಳು ಅಂದರೆ ಅದು ಅಪರೂಪದ ಸುದ್ದಿ. ಈಗ ಹಾಗಿಲ್ಲ. ಮಂಗಳೂರಿನ ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿ ಮುಗಿಸಿ ಬೆಳಗ್ಗಿನ ಬಸ್ಸಿಗೆ ತಲಪಾಡಿ ದಾಟಿ ಬರುವ ನಮ್ಮ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದ್ದಾರೆ. ಓದಿ ಕೆಲಸಕ್ಕೆ ಸೇರಿದ ಮೇಲೆ ಅವರಲ್ಲಿ ಕೆಲವರಿಗೆ ಇನ್ನೂ ಮುಂದೆ ಹೋಗಬೇಕು ಅನ್ನಿಸುವುದು ಸಹಜ. ಕೆಲವರು ಗಲ್ಫ್ ಅನ್ನುತ್ತಾರೆ, ಕೆಲವರು ಜರ್ಮನಿ ಅನ್ನುತ್ತಾರೆ. ಇತ್ತೀಚೆಗೆ ಕೇಳಿಬರುವ ಹೊಸ ಆಸೆ ಮಿಲಿಟರಿ ಡಾಕ್ಟರ್ ಆಗುವುದು.

ನಮ್ಮ ಅಂಗಡಿಗೆ ಬರುವ ಒಬ್ಬರು ಉಮ್ಮ ಕೇಳಿದರು: "ಮೋನೇ, ನೀನು ಓದಿದವನಲ್ವಾ, ಸ್ವಲ್ಪ ನೋಡಿ ಹೇಳು. ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ. ಇನ್ನು ಡಾಕ್ಟರ್ ಓದಿ ಮಿಲಿಟರಿಗೆ ಸೇರ್ತೇನೆ ಅಂತಾಳೆ. ಅದು ಆಗುವಂಥದ್ದಾ?"

ನಾನು ಡಾಕ್ಟರೂ ಅಲ್ಲ, ಮಿಲಿಟರಿಯವನೂ ಅಲ್ಲ. ಬಿಕಾಂ ಓದಿ ಅಂಗಡಿ ನಡೆಸುವವನು. ಆದರೆ ಈ ಪ್ರಶ್ನೆಯಲ್ಲಿ ಅರ್ಧ ಭಾಗ ಲೆಕ್ಕದ್ದೇ. ಎಷ್ಟು ವರ್ಷ ಬೇಕು, ಎಷ್ಟು ವಯಸ್ಸಿನೊಳಗೆ ಆಗಬೇಕು, ಎಷ್ಟು ಹಣ ಹೋಗ್ತದೆ ಅನ್ನುವ ಲೆಕ್ಕ. ಹಾಗಾಗಿ ನಿಯಮಗಳನ್ನು ಓದಿ, ಲೆಕ್ಕ ಹಾಕಿ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕದಾಗಿ ಹೇಳುವುದಾದರೆ: ಆಗ್ತದೆ. ಆದರೆ 22-23 ವಯಸ್ಸಿನವರಿಗೆ ಮಾತ್ರ ಸರಿಯಾಗಿ ತೆರೆದಿರುವ ದಾರಿ ಅದು. ಅದಕ್ಕಿಂತ ದೊಡ್ಡವರಿಗೆ ನರ್ಸ್ ಆಗಿಯೇ ಸೇನೆಯಲ್ಲಿ ಆಫೀಸರ್ ಆಗುವ ಬೇರೆ ಬಾಗಿಲು ಉಂಟು. ಅದರ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಎರಡು ಬೇರೆ ಬೇರೆ ವಿಭಾಗ

ಸೇನೆಯ ಡಾಕ್ಟರ್‌ಗಳು ಆರ್ಮಿ ಮೆಡಿಕಲ್ ಕೋರ್ ಅನ್ನುವ ವಿಭಾಗಕ್ಕೆ ಸೇರಿದವರು. ನರ್ಸ್‌ಗಳು ಮಿಲಿಟರಿ ನರ್ಸಿಂಗ್ ಸರ್ವಿಸ್ ಅನ್ನುವ ಬೇರೆ ವಿಭಾಗದವರು. ಈ ಡಾಕ್ಟರ್‌ಗಳೂ ನರ್ಸ್‌ಗಳೂ ಇಬ್ಬರೂ ಕಮಿಷನ್ ಪಡೆದ ಆಫೀಸರ್‌ಗಳೇ. ಆದರೆ ಒಂದರಿಂದ ಇನ್ನೊಂದಕ್ಕೆ ಬಡ್ತಿ ಅನ್ನುವುದು ಇಲ್ಲ. ಮಿಲಿಟರಿಯಲ್ಲಿ ನರ್ಸ್ ಆಗಿ ಸೇರಿ, ಹತ್ತು ವರ್ಷ ಅನುಭವ ಆದ ಮೇಲೆ ಡಾಕ್ಟರ್ ಆಗಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೊರಗಿನ ಜಗತ್ತಿನಲ್ಲಿಯೂ ಅಷ್ಟೇ. ಭಾರತದಲ್ಲಿ ನರ್ಸಿಂಗ್‌ನಿಂದ ಎಂಬಿಬಿಎಸ್‌ಗೆ ಸೇತುವೆ ಕೋರ್ಸ್ ಇಲ್ಲ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದ್ದೀರಿ ಅಂತ ಎಂಬಿಬಿಎಸ್‌ನಲ್ಲಿ ಒಂದು ವರ್ಷವೂ ಕಡಿಮೆ ಮಾಡುವುದಿಲ್ಲ. ಪ್ಲಸ್ ಟು ಮುಗಿಸಿದ ಹದಿನೆಂಟರ ಮಕ್ಕಳ ಜೊತೆ ಕೂತು ನೀಟ್ ಬರೆಯಬೇಕು, ಮೊದಲ ವರ್ಷದಿಂದ ಶುರು ಮಾಡಬೇಕು.

ನೀಟ್ ಬರೆಯಲು ಏನು ಬೇಕು?

ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅದನ್ನು ತೆಗೆದುಹಾಕಿತು. ಎಷ್ಟು ಸಲ ಬೇಕಾದರೂ ಬರೆಯಬಹುದು. ಪ್ಲಸ್ ಟುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗಕ್ಕೆ 50%, ಒಬಿಸಿಗೆ 40% ಅಂಕ ಬೇಕು, ಇಂಗ್ಲಿಷ್ ಪಾಸಾಗಿರಬೇಕು. ಬಿಎಸ್ಸಿ ನರ್ಸಿಂಗ್ ಮಾಡಿದವರು ಸೈನ್ಸ್ ಓದಿಯೇ ಬಂದವರು, ಹಾಗಾಗಿ ಅವರಿಗೆ ಇಲ್ಲಿ ತೊಂದರೆ ಕಡಿಮೆ. ಜಿಎನ್‌ಎಂ ಮಾಡಿದವರಲ್ಲಿ ಆರ್ಟ್ಸ್, ಕಾಮರ್ಸ್ ಓದಿ ಬಂದವರೂ ಇದ್ದಾರೆ. ಅವರು ಮೊದಲು ಸೈನ್ಸ್ ವಿಷಯಗಳನ್ನು ಪಾಸು ಮಾಡಿಕೊಳ್ಳಬೇಕು. ಪ್ಲಸ್ ಟು ಆದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರಿಗೂ ನೀಟ್ ಬರೆಯಲು ಆಯೋಗ 2023ರಲ್ಲಿ ಅವಕಾಶ ಕೊಟ್ಟಿದೆ.

"ನಾನು ನರ್ಸ್, ಅನಾಟಮಿ ಎಲ್ಲ ಗೊತ್ತು, ನೀಟ್ ಸುಲಭ" ಅಂತ ಅಂದುಕೊಳ್ಳುವವರು ಒಂದು ವಿಷಯ ಗಮನಿಸಿ. ನೀಟ್‌ನಲ್ಲಿ ಒಟ್ಟು 180 ಪ್ರಶ್ನೆ, 720 ಅಂಕ. ಅದರಲ್ಲಿ 45 ಪ್ರಶ್ನೆ ಫಿಸಿಕ್ಸ್, 45 ಕೆಮಿಸ್ಟ್ರಿ. ಅಂದರೆ ಅರ್ಧ ಅಂಕ ನೀವು ನಾಲ್ಕೈದು ವರ್ಷದಿಂದ ಮುಟ್ಟದೇ ಇರುವ ವಿಷಯಗಳಿಂದ ಬರುವುದು. ಉಳಿದ 90 ಪ್ರಶ್ನೆ ಬಯಾಲಜಿ, ಅದರಲ್ಲಿಯೂ ಗಿಡಮರಗಳ ಪಾಠ ಉಂಟು. ವಾರ್ಡ್‌ನಲ್ಲಿ ಕಲಿತದ್ದು ಮುಂದೆ ಎಂಬಿಬಿಎಸ್‌ನಲ್ಲಿ ಖಂಡಿತ ಉಪಯೋಗಕ್ಕೆ ಬರ್ತದೆ. ನೀಟ್‌ಗೆ ಬೇಕಾದದ್ದು 11 ಮತ್ತು 12ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕ. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಈ ಪರೀಕ್ಷೆ ಬರೆದಿದ್ದಾರೆ. ನೈಟ್ ಡ್ಯೂಟಿ ಮಾಡಿಕೊಂಡು, ಬಸ್ಸಿನಲ್ಲಿ ಓದಿ ಇದನ್ನು ಗೆಲ್ಲುವುದು ಕಷ್ಟ. ಒಂದು ವರ್ಷ ಪೂರ್ತಿ ಓದಿಗೇ ಇಡಬೇಕು.

ಗಡಿನಾಡಿನವರು ಗಮನಿಸಬೇಕಾದ ಮೂರು ವಿಷಯ

ಒಂದು, ಭಾಷೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡ, ಮಲಯಾಳ ಸೇರಿ 13 ಭಾಷೆಗಳಲ್ಲಿ ಬರ್ತದೆ. ಆದರೆ ಪ್ರಾದೇಶಿಕ ಭಾಷೆಯ ಪತ್ರಿಕೆ ಆಯಾ ರಾಜ್ಯದ ಕೇಂದ್ರಗಳಲ್ಲಿ ಮಾತ್ರ ಸಿಗುವುದು. ಕಾಸರಗೋಡಿನಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಕನ್ನಡ ಪತ್ರಿಕೆ ಬೇಕು ಅಂತಿದ್ದರೆ ಪರೀಕ್ಷಾ ಕೇಂದ್ರವನ್ನು ಮಂಗಳೂರಿನಂತಹ ಕರ್ನಾಟಕದ ಊರಿನಲ್ಲಿ ಆರಿಸಬೇಕು. ಅರ್ಜಿ ಹಾಕುವಾಗಲೇ ಇದನ್ನು ನೋಡಿಕೊಳ್ಳಿ.

ಎರಡು, ಮೀಸಲಾತಿ. ಕೇರಳದ ವೈದ್ಯಕೀಯ ಪ್ರವೇಶದಲ್ಲಿ ಮುಸ್ಲಿಮರಿಗೆ 8% ಸೀಟು ಉಂಟು. ಅದಕ್ಕೆ ಕೆನೆಪದರದಲ್ಲಿ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ಅಖಿಲ ಭಾರತ ಕೋಟಾಕ್ಕೆ ಕೇಂದ್ರದ ಒಬಿಸಿ ಪಟ್ಟಿ ನೋಡುತ್ತಾರೆ. ಅದರ ಸರ್ಟಿಫಿಕೇಟಿನ ನಮೂನೆಯೇ ಬೇರೆ. ವಿಲೇಜ್ ಆಫೀಸಿಗೆ ಹೋದಾಗ ಎರಡನ್ನೂ ಕೇಳಿ ಮಾಡಿಸಿಕೊಳ್ಳಿ. ಕೌನ್ಸೆಲಿಂಗ್ ಶುರುವಾದ ಮೇಲೆ ಓಡಾಡಿದರೆ ಸಮಯಕ್ಕೆ ಕೈಗೆ ಸಿಗುವುದು ಕಷ್ಟ.

ಮೂರು, ಗಡಿಯ ಎರಡೂ ಕಡೆಯ ಅವಕಾಶ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಪ್ರತ್ಯೇಕ ಅರ್ಹತಾ ಕಲಂ ಉಂಟು. ಎಲ್ಲಿ ಎಷ್ಟು ವರ್ಷ ಓದಿದ್ದೀರಿ, ಮಾತೃಭಾಷೆ ಯಾವುದು ಅನ್ನುವ ಷರತ್ತುಗಳಿವೆ, ಕನ್ನಡ ಪರೀಕ್ಷೆಯನ್ನೂ ಪಾಸು ಮಾಡಬೇಕು. ಆ ವರ್ಷದ ಕೈಪಿಡಿಯನ್ನು ಸಾಲು ಸಾಲಾಗಿ ಓದಿ. ಇನ್ನೊಂದು ಒಳ್ಳೆಯ ಸುದ್ದಿ, ಬದಿಯಡ್ಕ ಹತ್ತಿರ ಉಕ್ಕಿನಡ್ಕದ ಕಾಸರಗೋಡು ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸ ಆಗಿ ವರ್ಷಗಟ್ಟಲೆ ಕಾದ ಮೇಲೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದೆ.

ಸೇನೆಗೆ ಹೋಗುವ ಮೂರು ಬಾಗಿಲು

ಮೊದಲನೆಯದು ಪುಣೆಯ ಎಎಫ್‌ಎಂಸಿ, ಅಂದರೆ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು. 1948ರಲ್ಲಿ ಶುರುವಾದ ಸಂಸ್ಥೆ, 1962ರಿಂದ ಎಂಬಿಬಿಎಸ್ ಕಲಿಸುತ್ತಿದೆ. ಭಾರತೀಯರಿಗೆ ಇರುವುದು ವರ್ಷಕ್ಕೆ 145 ಸೀಟು. ಅದರಲ್ಲಿ 115 ಹುಡುಗರಿಗೆ, 30 ಹುಡುಗಿಯರಿಗೆ. ಇಡೀ ದೇಶಕ್ಕೆ 30 ಅಂದರೆ ಪೈಪೋಟಿ ಎಷ್ಟಿರಬಹುದು ನೀವೇ ಯೋಚಿಸಿ. ಡಿಸೆಂಬರ್ 31ಕ್ಕೆ 24 ವರ್ಷ ತುಂಬಿರಬಾರದು. ಮದುವೆ ಆಗಿರಬಾರದು, ಕೋರ್ಸ್ ಮುಗಿಯುವವರೆಗೂ ಆಗುವ ಹಾಗಿಲ್ಲ. ಪ್ಲಸ್ ಟು ಸೈನ್ಸ್ ವಿಷಯಗಳನ್ನು ಮೊದಲ ಪ್ರಯತ್ನದಲ್ಲೇ, ಒಟ್ಟು 60% ಅಂಕಗಳೊಂದಿಗೆ ಪಾಸು ಮಾಡಿರಬೇಕು. ನೀಟ್ ಅಂಕ ನೋಡಿ ಕರೆದವರಿಗೆ ಪುಣೆಯಲ್ಲಿ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಇರ್ತದೆ. ಕೇರಳದ 8% ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ಹಾಕುವುದು ಕೇಂದ್ರದ ಎಂಸಿಸಿ ಕೌನ್ಸೆಲಿಂಗ್ ವೆಬ್‌ಸೈಟ್ ಮೂಲಕ. ಓದು ಮುಗಿಸಿದವರು ಸೇನೆಯಲ್ಲಿ ಸೇವೆ ಮಾಡಲೇಬೇಕು, ಬೇಡ ಅಂದರೆ ದೊಡ್ಡ ಮೊತ್ತದ ಬಾಂಡ್ ಕಟ್ಟಬೇಕು.

ಎರಡನೆಯ ಬಾಗಿಲು ಶಾರ್ಟ್ ಸರ್ವಿಸ್ ಕಮಿಷನ್. ಯಾವುದೇ ಮಾನ್ಯತೆ ಪಡೆದ ಕಾಲೇಜಿನಲ್ಲಿ ಎಂಬಿಬಿಎಸ್, ಇಂಟರ್ನ್‌ಶಿಪ್ ಮುಗಿಸಿ, ರಿಜಿಸ್ಟ್ರೇಷನ್ ಮಾಡಿಸಿಕೊಂಡು ಅರ್ಜಿ ಹಾಕುವುದು. ಇಲ್ಲಿ ಡಿಸೆಂಬರ್ 31ಕ್ಕೆ 30 ವರ್ಷ ತುಂಬಿರಬಾರದು. ಫೈನಲ್ ಎಂಬಿಬಿಎಸ್ ಎರಡಕ್ಕಿಂತ ಹೆಚ್ಚು ಪ್ರಯತ್ನದಲ್ಲಿ ಪಾಸಾದವರಿಗೆ ಅವಕಾಶ ಇಲ್ಲ. ಇತ್ತೀಚಿನ ಅಧಿಸೂಚನೆಗಳ ಪ್ರಕಾರ ನೀಟ್ ಪಿಜಿ ಬರೆದಿರಬೇಕು, ಅದರ ಅಂಕ ನೋಡಿಯೇ ದೆಹಲಿಗೆ ಸಂದರ್ಶನಕ್ಕೆ ಕರೆಯುವುದು. ಆಯ್ಕೆ ಆದವರು ಕ್ಯಾಪ್ಟನ್ ದರ್ಜೆಯಲ್ಲಿ ಸೇರುತ್ತಾರೆ. ಮೊದಲು 5 ವರ್ಷ, ನಂತರ ಎರಡು ಕಂತಿನಲ್ಲಿ 9 ವರ್ಷ, ಒಟ್ಟು 14 ವರ್ಷದವರೆಗೆ ಸೇವೆ. ನಡುವೆ ಕಾಯಂ ಕಮಿಷನ್‌ಗೂ ಪ್ರಯತ್ನ ಮಾಡಬಹುದು.

ಮೂರನೆಯದು ಇದೇ ಶಾರ್ಟ್ ಸರ್ವಿಸ್, ಆದರೆ ಎಂಡಿ, ಎಂಎಸ್‌ನಂತಹ ಸ್ನಾತಕೋತ್ತರ ಪದವಿ ಮುಗಿಸಿದ ಮೇಲೆ. ಆಗ ವಯಸ್ಸಿನ ಮಿತಿ 35.

ಈಗ ವಯಸ್ಸಿನ ಲೆಕ್ಕ ಹಾಕುವ

ಒಂದು ಉದಾಹರಣೆ ತೆಗೆದುಕೊಳ್ಳುವ. 2003ರ ಜೂನ್‌ನಲ್ಲಿ ಹುಟ್ಟಿದ ಹುಡುಗಿ, 2025ರಲ್ಲಿ 22ನೇ ವಯಸ್ಸಿಗೆ ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ. ಒಂದು ವರ್ಷ ಓದಿ 2026ರಲ್ಲಿ ನೀಟ್ ಬರೆಯುತ್ತಾಳೆ.

2026ರ ಡಿಸೆಂಬರ್ 31ಕ್ಕೆ ಅವಳ ವಯಸ್ಸು 23. ಎಎಫ್‌ಎಂಸಿಗೆ ಅರ್ಹಳು. ಆದರೆ ಅದೇ ಕೊನೆಯ ಅವಕಾಶ. 2027ರಲ್ಲಿ 24 ತುಂಬಿ ಆ ಬಾಗಿಲು ಮುಚ್ಚುತ್ತದೆ.

ಎಎಫ್‌ಎಂಸಿ ಸಿಗಲಿಲ್ಲ, ಆದರೆ 2026ರಲ್ಲೇ ಬೇರೆ ಕಾಲೇಜಿನಲ್ಲಿ ಎಂಬಿಬಿಎಸ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದರೆ 2032ರ ಮೊದಲ ಭಾಗದಲ್ಲಿ ಮುಗೀತದೆ. 2032ರ ಡಿಸೆಂಬರ್ 31ಕ್ಕೆ ವಯಸ್ಸು 29. ಶಾರ್ಟ್ ಸರ್ವಿಸ್‌ಗೆ ಅರ್ಜಿ ಹಾಕಬಹುದು, ಆದರೆ ಒಂದೇ ಸಲ. 2033ರಲ್ಲಿ 30 ತುಂಬಿತು, ಅಲ್ಲಿಗೆ ಮುಗೀತು.

ಇನ್ನು 2026ರಲ್ಲಿ ನೀಟ್ ಸರಿಯಾಗಲಿಲ್ಲ, 2027ರಲ್ಲಿ ಸೀಟು ಸಿಕ್ಕಿತು ಅಂದರೆ? ಓದು ಮುಗಿಯುವುದು 2033ಕ್ಕೆ. ಆಗ ಎರಡನೆಯ ಬಾಗಿಲೂ ಮುಚ್ಚಿರ್ತದೆ. ಉಳಿಯುವುದು ಪಿಜಿ ಮಾಡಿ 35ರೊಳಗೆ ಸೇರುವುದು. ಈ ಹುಡುಗಿಗೆ ಆ ಲೆಕ್ಕದಲ್ಲಿ 2037 ಕೊನೆಯ ವರ್ಷ. ಮೂರು ವರ್ಷದ ಪಿಜಿ, ಅದಕ್ಕಿಂತ ಮೊದಲು ಐದೂವರೆ ವರ್ಷದ ಎಂಬಿಬಿಎಸ್ ಕಳೆದರೆ, 2028ಕ್ಕೆ ಎಂಬಿಬಿಎಸ್ ಸೇರಿರಲೇಬೇಕು. ಅದೂ ಇಂಟರ್ನ್‌ಶಿಪ್ ಮುಗಿದ ವರ್ಷವೇ ಪಿಜಿ ಸೀಟು ಸಿಕ್ಕಿದರೆ ಮಾತ್ರ.

ಹೀಗಾಗಿ ಕೋರ್ಸ್ ಸಮಯಕ್ಕೆ ಮುಗಿಸಿದ ಹುಡುಗಿಗೂ ಎಂಬಿಬಿಎಸ್ ನಂತರದ ದಾರಿಯಲ್ಲಿ ಒಂದು ವರ್ಷವೂ ಹಾಳು ಮಾಡುವ ಹಾಗಿಲ್ಲ. 26, 27 ವಯಸ್ಸಿನ ನರ್ಸ್ ಈಗ ಹೊಸದಾಗಿ ಶುರು ಮಾಡಿದರೆ ಡಾಕ್ಟರ್ ಆಗಬಹುದು, ಯಾಕೆಂದರೆ ನೀಟ್‌ಗೆ ವಯಸ್ಸಿಲ್ಲ. ಆದರೆ ಮಿಲಿಟರಿ ಡಾಕ್ಟರ್ ಆಗುವುದಕ್ಕೆ ಈ ಲೆಕ್ಕ ಕೂಡುವುದಿಲ್ಲ. ಕೋಚಿಂಗ್ ಸೆಂಟರಿನವರು ವಯಸ್ಸಿನ ಮಿತಿ ಇಲ್ಲ ಅಂತ ಹೇಳುವುದು ನೀಟ್ ಬಗ್ಗೆ ಮಾತ್ರ. ಸೇನೆಯ ಮಿತಿ ಹಾಗೆಯೇ ಉಂಟು.

"ವಿದೇಶದಲ್ಲಿ ಎಂಬಿಬಿಎಸ್ ಮಾಡಿ ಬಂದರೆ ಬೇಗ ಆಗ್ತದಾ?" ಅಂತಲೂ ಕೇಳ್ತಾರೆ. ಬೇಗ ಆಗುವುದಿಲ್ಲ, ತಡ ಆಗ್ತದೆ. 2021ರ ನಿಯಮದಂತೆ ಅಲ್ಲಿ ಕನಿಷ್ಠ 54 ತಿಂಗಳ ಓದು, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್, ಇಲ್ಲಿಗೆ ಬಂದು ಅರ್ಹತಾ ಪರೀಕ್ಷೆ, ಮತ್ತೆ ಇಲ್ಲಿ ಇನ್ನೊಂದು ಇಂಟರ್ನ್‌ಶಿಪ್. ಅದಕ್ಕೂ ನೀಟ್ ಪಾಸಾಗಿರಬೇಕು. 23ಕ್ಕೆ ವಿಮಾನ ಹತ್ತಿದವರು ಎಲ್ಲ ಮುಗಿಸುವಾಗ 30 ದಾಟಿರ್ತದೆ.

ಹಣದ ಲೆಕ್ಕ

ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದರೆ ಫೀಸು ಸಾವಿರಗಳಲ್ಲಿ. ಖಾಸಗಿಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ. ಇದು ಎಲ್ಲರಿಗೂ ಗೊತ್ತು. ಆದರೆ ಮನೆಯವರು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಖರ್ಚು ಉಂಟು, ಬಿಟ್ಟ ಸಂಬಳ. ಊರಿನಲ್ಲಿ ತಿಂಗಳಿಗೆ 25,000 ರೂಪಾಯಿ ತರುತ್ತಿದ್ದ ನರ್ಸ್ ಒಂದು ವರ್ಷ ನೀಟ್‌ಗೆ, ಐದೂವರೆ ವರ್ಷ ಎಂಬಿಬಿಎಸ್‌ಗೆ ಕೂತರೆ 78 ತಿಂಗಳಲ್ಲಿ 19.5 ಲಕ್ಷ ಬರುವುದು ನಿಂತಿತು. ಗಲ್ಫಿನಲ್ಲಿ ತಿಂಗಳಿಗೆ 80,000 ಬರುವ ಕೆಲಸ ಬಿಟ್ಟವರಾದರೆ ಅದು 62.4 ಲಕ್ಷ. ಇಂಟರ್ನ್‌ಶಿಪ್‌ನಲ್ಲಿ ಸಿಗುವ ಸ್ಟೈಪೆಂಡ್ ಇದರಿಂದ ಸ್ವಲ್ಪ ಕಳೆಯಿರಿ. ಮನೆಯಲ್ಲಿ ಸಾಲದ ಕಂತು ಇದ್ದು, ಅದು ಈ ಮಗಳ ಸಂಬಳದಿಂದಲೇ ಹೋಗುತ್ತಿದ್ದರೆ, ಮೊದಲು ಅದಕ್ಕೊಂದು ದಾರಿ ಮಾಡಿಯೇ ಮುಂದುವರಿಯಬೇಕು. ಇದನ್ನು ಆಸೆ ಕಮರಿಸಲು ಹೇಳುತ್ತಿಲ್ಲ. ಎರಡನೇ ವರ್ಷದಲ್ಲಿ ಅರ್ಧಕ್ಕೆ ಬಿಡುವ ಹಾಗೆ ಆಗಬಾರದು, ಅದಕ್ಕೆ.

ಇನ್ನೊಂದು ಬದಿಯ ಲೆಕ್ಕವೂ ನೋಡಿ. ಕ್ಯಾಪ್ಟನ್ ದರ್ಜೆಯ ಮೂಲ ವೇತನ ಏಳನೇ ವೇತನ ಆಯೋಗದ ಪ್ರಕಾರ 61,300 ರೂಪಾಯಿಯಿಂದ ಶುರು. ಅದರ ಮೇಲೆ ತಿಂಗಳಿಗೆ 15,500 ಮಿಲಿಟರಿ ಸೇವಾ ವೇತನ, ಡಾಕ್ಟರ್‌ಗಳು ಖಾಸಗಿ ಪ್ರಾಕ್ಟೀಸ್ ಮಾಡದ್ದಕ್ಕೆ ಮೂಲ ವೇತನದ 20% ಭತ್ಯೆ, ತುಟ್ಟಿಭತ್ಯೆ. ವಸತಿ, ಕುಟುಂಬದ ಚಿಕಿತ್ಸೆಯ ಸೌಲಭ್ಯ ಬೇರೆ. ಎಎಫ್‌ಎಂಸಿಯಲ್ಲಿ ಓದಿನ ಖರ್ಚನ್ನು ಸರ್ಕಾರವೇ ನೋಡಿಕೊಳ್ಳುತ್ತದೆ.

ಕೇರಳದಲ್ಲಿ ಓದುವ ಹೆಣ್ಣುಮಕ್ಕಳಿಗೆ ರಾಜ್ಯ ಸರ್ಕಾರದ ಸಿ.ಎಚ್. ಮುಹಮ್ಮದ್ ಕೋಯಾ ಸ್ಕಾಲರ್‌ಶಿಪ್ ಉಂಟು. ಕರ್ನಾಟಕದ ನಿವಾಸಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲ ಉಂಟು. ಸೀಟು ಸಿಕ್ಕಿದ ಕೂಡಲೇ ವಿಚಾರಿಸಿ.

ನರ್ಸ್ ಆಗಿಯೇ ಆಫೀಸರ್

ಈಗ ಬರುವುದು ಹೆಚ್ಚಿನವರಿಗೆ ಗೊತ್ತಿಲ್ಲದ ಬಾಗಿಲು. ಮಿಲಿಟರಿ ನರ್ಸಿಂಗ್ ಸರ್ವಿಸ್. ಇದರ ಇತಿಹಾಸ ಶುರುವಾಗುವುದು 1888ರಲ್ಲಿ, ಸೇನಾ ಆಸ್ಪತ್ರೆಗಳಲ್ಲಿ ಕೆಲಸ ಮಾಡಲು ಹತ್ತು ಮಂದಿ ನರ್ಸ್‌ಗಳು ಬೊಂಬಾಯಿಗೆ ಬಂದಿಳಿದಾಗ. ಇಲ್ಲಿ ಸೇರುವ ನರ್ಸ್ ಲೆಫ್ಟಿನೆಂಟ್. ಮೇಜರ್ ಜನರಲ್ ದರ್ಜೆಯವರೆಗೂ ಏರಬಹುದು.

ಈಗಾಗಲೇ ನರ್ಸಿಂಗ್ ಮುಗಿಸಿದವರಿಗೆ ಇಲ್ಲಿಯೂ ಶಾರ್ಟ್ ಸರ್ವಿಸ್ ಕಮಿಷನ್ ಉಂಟು. ಬಿಎಸ್ಸಿ, ಪೋಸ್ಟ್ ಬೇಸಿಕ್ ಬಿಎಸ್ಸಿ ಅಥವಾ ಎಂಎಸ್ಸಿ ನರ್ಸಿಂಗ್ ಆಗಿರಬೇಕು, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಇರಬೇಕು. 2023-24ರ ಆಯ್ಕೆಯಲ್ಲಿ ವಯಸ್ಸಿನ ಮಿತಿ 21ರಿಂದ 35 ಇತ್ತು, ಕಂಪ್ಯೂಟರ್ ಮೂಲಕ ಪರೀಕ್ಷೆ ನಡೆಯಿತು. ಸೇವಾವಧಿ ಇಲ್ಲಿಯೂ ಮೊದಲು 5 ವರ್ಷ, ಮುಂದುವರಿಸಿದರೆ 14ರವರೆಗೆ. ಜಿಎನ್‌ಎಂ ಮಾತ್ರ ಇದ್ದವರು ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಂಡರೆ ಅರ್ಹರಾಗುತ್ತಾರೆ. ಏಳು ವರ್ಷ ಹೊಸದಾಗಿ ಓದಬೇಕಾಗಿಲ್ಲ, ಕೈಯಲ್ಲಿರುವ ಡಿಗ್ರಿಯೇ ಸಾಕು. 27-28 ವಯಸ್ಸಿನ, ಯೂನಿಫಾರ್ಮ್ ಹಾಕಬೇಕು ಅನ್ನುವ ಆಸೆ ಇರುವ ನರ್ಸ್‌ಗೆ ನನ್ನ ಮಟ್ಟಿಗೆ ಇದೇ ಸರಿಯಾದ ಬಾಗಿಲು. ಪ್ರತಿ ವರ್ಷ ಇಂತಹ ತಿಂಗಳಿಗೇ ಅಧಿಸೂಚನೆ ಬರ್ತದೆ ಅಂತ ಕಾಯಬೇಡಿ, ಜಾಯಿನ್ ಇಂಡಿಯನ್ ಆರ್ಮಿ ವೆಬ್‌ಸೈಟನ್ನು ಆಗಾಗ ನೋಡುತ್ತಿರಿ.

ಪ್ಲಸ್ ಟು ಓದುವ ತಂಗಿಯರಿಗೆ ಇನ್ನೊಂದು ದಾರಿ. ಸೇನೆಯ ಆರು ನರ್ಸಿಂಗ್ ಕಾಲೇಜುಗಳಲ್ಲಿ ಒಟ್ಟು 220 ಬಿಎಸ್ಸಿ ಸೀಟುಗಳಿವೆ: ಪುಣೆ, ಕೋಲ್ಕತ್ತಾ, ಮುಂಬೈ, ದೆಹಲಿ, ಲಕ್ನೋ ಮತ್ತು ಬೆಂಗಳೂರು. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿ 40 ಸೀಟು. ಇದಕ್ಕೂ ನೀಟ್ ಅಂಕ ಬೇಕು. ಅವಿವಾಹಿತ ಹುಡುಗಿಯರಿಗೆ ಮಾತ್ರ ಅವಕಾಶ. ಓದು ಮುಗಿದ ಮೇಲೆ ನೇರ ಕಮಿಷನ್. ನೀಟ್‌ನಲ್ಲಿ ಎಂಬಿಬಿಎಸ್‌ಗೆ ಸಾಕಾಗುವಷ್ಟು ಅಂಕ ಬರಲಿಲ್ಲ ಅಂತ ಬೇಸರದಲ್ಲಿರುವವರು ಇದನ್ನು ನೋಡದೆ ಬಿಡಬೇಡಿ.

ಡಾಕ್ಟರ್‌ಗೂ ನರ್ಸಿಂಗ್ ಆಫೀಸರ್‌ಗೂ ಎಲ್ಲವೂ ಸಮ ಅಂತ ಹೇಳಲಾರೆ. ನರ್ಸಿಂಗ್ ಸರ್ವಿಸ್‌ನವರ ಮಿಲಿಟರಿ ಸೇವಾ ವೇತನ 10,800, ಉಳಿದ ಆಫೀಸರ್‌ಗಳಿಗೆ 15,500. ಸೇವಾ ನಿಯಮಗಳೂ ಬೇರೆ. ಡಾಕ್ಟರೇ ಆಗಬೇಕು, ರೋಗ ಪತ್ತೆ ಮಾಡಬೇಕು, ಆಪರೇಷನ್ ಮಾಡಬೇಕು ಅನ್ನುವವರಿಗೆ ನರ್ಸಿಂಗ್ ಸರ್ವಿಸ್ ಸಮಾಧಾನ ಕೊಡಲಿಕ್ಕಿಲ್ಲ. ಹಾಗಾಗಿ ಮೊದಲು ಮನಸ್ಸಿಗೆ ಕೇಳಿಕೊಳ್ಳಿ: ನಿಮಗೆ ಬೇಕಾದದ್ದು ಡಾಕ್ಟರ್ ಕೆಲಸವಾ, ಸೇನೆಯ ಬದುಕಾ? ಡಾಕ್ಟರ್ ಕೆಲಸವೇ ಬೇಕು ಅಂತಾದರೆ ವಯಸ್ಸು ಮೀರಿದರೂ ನೀಟ್ ಬರೆದು ಊರಿನ ಡಾಕ್ಟರ್ ಆಗಿ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿ, ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಕಾಸರಗೋಡಿಗೆ ಡಾಕ್ಟರ್‌ಗಳು ಇನ್ನೂ ಬೇಕು.

ಗಂಡುಮಕ್ಕಳ ವಿಷಯ

ನರ್ಸಿಂಗ್ ಓದಿದ ನಮ್ಮ ಹುಡುಗರೂ ಕೇಳ್ತಾರೆ. ಮಿಲಿಟರಿ ನರ್ಸಿಂಗ್ ಸರ್ವಿಸ್ ಮಹಿಳೆಯರಿಗೆ ಮಾತ್ರ. 1943ರ ಸುಗ್ರೀವಾಜ್ಞೆಯೇ ಹಾಗೆ ಇರುವುದು. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆ ಗಂಡಸರಿಗೆ ಉಂಟು, ಆದರೆ ಅದು ಜವಾನ್ ದರ್ಜೆ, ಹದಿನೇಳೂವರೆಯಿಂದ 23ರೊಳಗಿನ ವಯಸ್ಸಿನವರಿಗೆ. ಬಿಎಸ್ಸಿ ನರ್ಸಿಂಗ್ ಮುಗಿಸಿದ ಹುಡುಗನಿಗೆ ವೈದ್ಯಕೀಯ ವಿಭಾಗದಲ್ಲೇ ಆಫೀಸರ್ ಆಗಬೇಕು ಅಂತಿದ್ದರೆ ಎಂಬಿಬಿಎಸ್ ಒಂದೇ ದಾರಿ. ಮೇಲೆ ಹೇಳಿದ ವಯಸ್ಸಿನ ಲೆಕ್ಕ ಅವನಿಗೂ ಅನ್ವಯ.

ಮನೆಯಲ್ಲಿ ಮೊದಲೇ ಮಾತಾಡಬೇಕಾದದ್ದು

ನಮ್ಮ ಮನೆಗಳಲ್ಲಿ 22-23 ಅಂದರೆ ಹೆಣ್ಣುಮಕ್ಕಳಿಗೆ ಸಂಬಂಧ ಬರುವ ವಯಸ್ಸು. ಈ ದಾರಿಯಲ್ಲಿ ಅದೇ ವರ್ಷಗಳೇ ಮುಖ್ಯ. ಎಎಫ್‌ಎಂಸಿಗೆ ಅವಿವಾಹಿತೆಯೇ ಆಗಿರಬೇಕು. ಎಂಬಿಬಿಎಸ್ ಮಾಡಿ ಶಾರ್ಟ್ ಸರ್ವಿಸ್‌ಗೆ ಹೋಗುವವರು ಮದುವೆ ಆಗುವುದಾದರೆ, ಹುಡುಗನ ಕಡೆಯವರಿಗೆ ಈ ಯೋಜನೆ ಪೂರ್ತಿ ಹೇಳಿಯೇ ಮಾತುಕತೆ ಮಾಡಿ. "ಮದುವೆ ಆದ ಮೇಲೆ ಓದಿಸ್ತೇವೆ" ಅನ್ನುವ ಮಾತನ್ನು ನಂಬಿ ಒಂದು ವರ್ಷ ತಡ ಮಾಡಿದರೆ ಬಾಗಿಲೇ ಮುಚ್ಚಬಹುದು ಅಂತ ಮೇಲಿನ ಲೆಕ್ಕದಲ್ಲಿ ನೋಡಿದಿರಲ್ಲ.

ಮದುವೆ ಆದ ನರ್ಸ್‌ಗಳನ್ನು ಸೇನೆ ಸೇವೆಯಿಂದ ತೆಗೆಯುತ್ತಿದ್ದ ಕಾಲವೂ ಇತ್ತು. ಲೆಫ್ಟಿನೆಂಟ್ ಸೆಲಿನಾ ಜಾನ್ ಅವರನ್ನು 1988ರಲ್ಲಿ ಹಾಗೆ ತೆಗೆಯಲಾಗಿತ್ತು. ಆ ನಿಯಮವನ್ನು 1995ರಲ್ಲಿ ಹಿಂತೆಗೆದುಕೊಂಡರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಮದುವೆಯ ಕಾರಣಕ್ಕೆ ಕೆಲಸದಿಂದ ತೆಗೆದದ್ದು ಲಿಂಗ ತಾರತಮ್ಯ ಅಂತ ಹೇಳಿ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಎಫ್‌ಎಂಸಿಯಲ್ಲೇ ಓದಿದ ಸರ್ಜನ್ ವೈಸ್ ಅಡ್ಮಿರಲ್ ಆರತಿ ಸರಿನ್ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮುಖ್ಯಸ್ಥೆ ಆದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು.

ಪೋಸ್ಟಿಂಗ್ ಬಗ್ಗೆಯೂ ಮಾತಾಡಿ. ತರಬೇತಿ ಲಕ್ನೋದಲ್ಲಿ. ನಂತರ ಲಡಾಖ್, ಈಶಾನ್ಯ, ರಾಜಸ್ಥಾನ, ಎಲ್ಲಿಗೆ ಬೇಕಾದರೂ ಹಾಕಬಹುದು. ಮಂಗಳೂರು ಸುತ್ತಮುತ್ತವೇ ಬೇಕು ಅನ್ನುವವರಿಗೆ ಇದು ಕೆಲಸವಲ್ಲ. ಸಮವಸ್ತ್ರದ ನಿಯಮ ಅಲ್ಲಿ ಎಲ್ಲರಿಗೂ ಒಂದೇ. ಅದನ್ನೂ ಅರ್ಜಿ ಹಾಕುವ ಮೊದಲು ಮನೆಯವರು ಕೂತು ಬಿಚ್ಚಿ ಮಾತಾಡಿಕೊಂಡರೆ ಒಳ್ಳೆಯದು, ಸೆಲೆಕ್ಷನ್ ಆದ ಮೇಲೆ ಅಲ್ಲ.

ಈಗ ಮಾಡಬೇಕಾದದ್ದು

• ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ, ಆಧಾರ್ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇದೆಯಾ ನೋಡಿ. ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿ.

• ನಿಮಗೆ 24, 30, 35 ತುಂಬುವ ವರ್ಷಗಳನ್ನು ಒಂದು ಕಾಗದದಲ್ಲಿ ಬರೆದು, ನಾನು ಮೇಲೆ ಹಾಕಿದ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ.

• 23 ಅಥವಾ ಅದಕ್ಕಿಂತ ಚಿಕ್ಕವರಾಗಿದ್ದು ಮನಸ್ಸು ಗಟ್ಟಿ ಇದ್ದರೆ, ಒಂದು ವರ್ಷ ಕೆಲಸ ಬಿಟ್ಟು ನೀಟ್‌ಗೆ ಕೂರಿ. ಸೇರುವ ಮೊದಲು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮೂರು ಗಂಟೆಯಲ್ಲಿ ಮಾಡಿ ನೋಡಿ. ಫಿಸಿಕ್ಸ್‌ನಲ್ಲಿ ನೀವು ಎಲ್ಲಿ ಇದ್ದೀರಿ ಅಂತ ಗೊತ್ತಾಗ್ತದೆ.

• 24 ದಾಟಿದ್ದರೆ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ನವೀಕರಿಸಿಟ್ಟುಕೊಂಡು ಮಿಲಿಟರಿ ನರ್ಸಿಂಗ್ ಸರ್ವಿಸ್ ಪರೀಕ್ಷೆಗೆ ಓದಲು ಶುರು ಮಾಡಿ. ಇದನ್ನು ಕೆಲಸ ಮಾಡಿಕೊಂಡೇ ಓದಬಹುದು.

• ಕಣ್ಣು, ಕಿವಿ, ಹಲ್ಲು, ತೂಕ ಒಮ್ಮೆ ತೋರಿಸಿಕೊಳ್ಳಿ. ಪರೀಕ್ಷೆ ಪಾಸಾಗಿ ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ ಹೊರಬೀಳುವವರು ಇದ್ದಾರೆ. ಸರಿಪಡಿಸಬಹುದಾದದ್ದನ್ನು ಮೊದಲೇ ಸರಿಪಡಿಸಬಹುದು.

• ಮಿಲಿಟರಿ ಸೀಟು ಕೊಡಿಸುತ್ತೇನೆ ಅಂತ ಯಾರಾದರೂ ಹಣ ಕೇಳಿದರೆ ಒಂದು ರೂಪಾಯಿಯೂ ಕೊಡಬೇಡಿ. ಈ ಯಾವ ಬಾಗಿಲಿನಲ್ಲಿಯೂ ಏಜೆಂಟರಿಗೆ ಜಾಗವಿಲ್ಲ. ಅರ್ಜಿ ನೀವೇ ಹಾಕಬಹುದು, ಗೊತ್ತಾಗದಿದ್ದರೆ ಅಕ್ಷಯ ಕೇಂದ್ರದಲ್ಲಿ ಕೂತು ಹಾಕಿಸಬಹುದು.

ವಯಸ್ಸಿನ ಮಿತಿ, ಸೀಟಿನ ಸಂಖ್ಯೆ ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗುವುದುಂಟು. ಅರ್ಜಿ ಹಾಕುವ ವರ್ಷದ ಅಧಿಸೂಚನೆಯೇ ಕೊನೆಯ ಮಾತು. ಆ ಉಮ್ಮನ ಮಗಳಿಗೆ ಈಗ 22. ಮುಂದಿನ ನೀಟ್ ಅರ್ಜಿ ಕರೆಯುವ ಮೊದಲು ಮನೆಯವರೆಲ್ಲ ಕೂತು ತೀರ್ಮಾನಕ್ಕೆ ಬನ್ನಿ ಅಂತ ಅವರಿಗೆ ಹೇಳಿದ್ದೇನೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅದೇ ವಯಸ್ಸಿನ ನರ್ಸಿಂಗ್ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಗೂ ತಲುಪಿಸಿ.